ಕೇತಿ ಕಣಿವೆಯೋ, ಮೋಯಾರ್ ಕಣಿವೆಯೋ?

ತಾಳವಾಡಿ ಕಡೆಯವರಿಗೆ ನೀಲಗಿರಿ ಅಂದ್ರೆ ಊಟಿ, ಬೋಟಿಂಗು, ಚಾಕೊಲೇಟು. ಎರಡು ದಿನ ರಜೆ ಸಿಕ್ಕರೆ ಕಣಿವೆಗಳನ್ನೂ ನೋಡಬಹುದು ಅಲ್ವಾ?

ಮಕ್ಕಳು, ಹಿರಿಯರು ಜೊತೆಗಿದ್ದರೆ ಕೇತಿ ಸುಲಭ. ಊಟಿ, ಕೂನೂರು ನಡುವಿನ ಕಣಿವೆ ಇದು. ಬೆಟ್ಟದ ರೈಲಿನ ಕಿಟಕಿಯಿಂದಲೇ ಕಾಣುತ್ತದೆ. ಈ ಹಳಿ 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಮುಟ್ಟಿತು. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕೆಳಗೆ ನೀಲಗಿರಿಯ ಬಡಗ ಸಮುದಾಯದ ಹಟ್ಟಿಗಳು, ತರಕಾರಿ ಹೊಲಗಳು. ಅವರ ಮಾತಿಗೆ ಕಿವಿ ಕೊಡಿ, ಕನ್ನಡಕ್ಕೆ ಹತ್ತಿರದ ಭಾಷೆ, ಸಾಕಷ್ಟು ತಿಳಿಯುತ್ತದೆ. ರೈಲಿನ ಟಿಕೆಟ್ ಮಾತ್ರ ಮೊದಲೇ ಮಾಡಿಸಿ.

ನನ್ನ ಓಟು ಮೋಯಾರಿಗೆ. ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ, ಮೆಟ್ಟುಪಾಳ್ಯ ದಾಟಿ ಕೋಟಗಿರಿ ಹತ್ತಬೇಕು. ದಾರಿ ಉದ್ದ, ಹೊಟ್ಟೆ ತೊಳೆಸುವವರಿಗೆ ಕಷ್ಟ. ಆದರೆ ಕೊಡನಾಡು ವ್ಯೂಪಾಯಿಂಟಿನಲ್ಲಿ ನಿಂತರೆ ನೆಲ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಆಳದಲ್ಲಿ ಮೋಯಾರ್ ನದಿ, ತೆಂಗುಮರಹಾಡ ಎಂಬ ಹಳ್ಳಿ. ದಕ್ಷಿಣದಲ್ಲಿ ರಣಹದ್ದುಗಳು ಇನ್ನೂ ಗೂಡು ಕಟ್ಟುವ ಕೆಲವೇ ಜಾಗಗಳಲ್ಲಿ ಈ ಕಣಿವೆಯೂ ಒಂದು. ಬೈನಾಕ್ಯುಲರ್ ಇದ್ದರೆ ಬ್ಯಾಗಿಗೆ ಹಾಕಿಕೊಳ್ಳಿ. ನದಿ ಮುಂದೆ ಭವಾನಿಸಾಗರ ಸೇರುತ್ತದೆ. ಹೊಯ್ಸಳರ ಕಾಲದ ದಣ್ಣಾಯಕನಕೋಟೆ ಆ ಜಲಾಶಯದಲ್ಲೇ ಮುಳುಗಿದೆ. ನೀರು ತೀರಾ ಇಳಿದ ವರ್ಷ ತಲೆ ತೋರಿಸುತ್ತದೆ.

ಮಧ್ಯಾಹ್ನ ಮಂಜು ಕವಿದರೆ ಕೊಡನಾಡಿನಲ್ಲಿ ಸುಮ್ನೆ ಬಿಳಿ ಗೋಡೆ ನೋಡಿ ಬರಬೇಕಾಗುತ್ತದೆ. ಬೆಳಿಗ್ಗೆಯೇ ತಲುಪಿ. ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ವಾಪಸಿನ ಹೊತ್ತನ್ನೂ ಲೆಕ್ಕ ಹಾಕಿ.