ಫೆರೋಡೊ ಡಿಎಸ್ 2500: ಮುಂದಿನ ಚಕ್ರಕ್ಕೆ ಸರಿಯಾದ ಬ್ರೇಕ್ ಪ್ಯಾಡ್

ಮನೆಯಿಂದ ಓಡಿಸಿಕೊಂಡೇ ರೇಸ್ ಟ್ರ್ಯಾಕ್‌ಗೆ ಹೋಗುವ ಹಗುರ ಹ್ಯಾಚ್‌ಬ್ಯಾಕ್‌ಗೆ ನಮ್ಮ ಮೊದಲ ಆಯ್ಕೆ ಇದೇ. ಘರ್ಷಣಾಂಕ (ಪ್ಯಾಡ್ ಡಿಸ್ಕನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಅಳತೆ) ಸುಮಾರು 0.42. ತಣ್ಣಗಿದ್ದಾಗಲೂ ಚೆನ್ನಾಗಿ ಹಿಡಿಯುತ್ತದೆ, ಅಪ್ಪಟ ರೇಸ್ ಪ್ಯಾಡ್‌ಗಳಲ್ಲಿ ಈ ಗುಣ ಅಪರೂಪ. ಭಾರದ ಕಾರು, ಸ್ಲಿಕ್ (ಗೀರುಗಳಿಲ್ಲದ ರೇಸ್) ಟೈರ್ ಇದ್ದವರಿಗೆ ಇದು ಸಾಲದು; ಫೆರೋಡೊದ್ದೇ ರೇಸ್ ಪ್ಯಾಡ್ ಡಿಎಸ್ 1.11 ನೋಡಿ.

ಹೊಸ ಪ್ಯಾಡ್ ಪಳಗಿಸಲು ವೇಗವನ್ನು 100ರಿಂದ 50 ಕಿ.ಮೀ.ಗೆ ಎಂಟು-ಹತ್ತು ಸಲ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಬಿಸಿಯಲ್ಲೇ ಪೆಡಲ್ ಒತ್ತಿ ನಿಂತರೆ ಡಿಸ್ಕ್ ಮೇಲೆ ಪ್ಯಾಡಿನ ಅಚ್ಚು ಬಿದ್ದು ನಡುಕ ಶುರುವಾಗುತ್ತದೆ.

ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಸೋತದ್ದು ಪ್ಯಾಡ್. ಪೆಡಲ್ ಮೆತ್ತಗಾಗಿ ಒಳಹೋದರೆ ಕುದ್ದಿರುವುದು ಬ್ರೇಕ್ ಆಯಿಲ್. ಆಗ ಪ್ಯಾಡ್ ಬದಲಿಸಿ ಪ್ರಯೋಜನವಿಲ್ಲ, ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಹಾಕಿ ಕೊಳವೆಗಳಲ್ಲಿನ ಗಾಳಿ ತೆಗೆಯಿರಿ. 5 ಮಿ.ಮೀ. ಉಳಿದಾಗಲೇ ಪ್ಯಾಡ್ ತೆಗೆದುಬಿಡಿ. ತೆಳುವಾದಷ್ಟೂ ಕಾವು ಪ್ಯಾಡನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್‌ಗೆ ಬೇಗ ಹತ್ತುತ್ತದೆ.