ಮೇಕಪ್ ಸಗಟು: ಹರಾಜಿನ ಲಾಟಾ, ಡಿಸ್ಟ್ರಿಬ್ಯೂಟರಾ?

ಅಂಗಡಿಗೆ ಮೇಕಪ್ ಸಾಮಾನು ಅಮೆರಿಕದ ಆನ್‌ಲೈನ್ ಮಾರಾಟ ತಾಣ ಇಬೇಯ (eBay) ಹರಾಜಿನಲ್ಲಿ ಲಾಟ್ ಆಗಿ, ಅಂದರೆ ಹಲವು ಸಾಮಾನು ಒಟ್ಟಿಗೆ, ಕೊಳ್ಳಲಾ, ಡಿಸ್ಟ್ರಿಬ್ಯೂಟರ್ ಹತ್ತಿರವಾ ಎಂದು ಕೇಳಿದ್ದೀರಿ.

ಹರಾಜಿನ ಬೆಲೆ ಅಗ್ಗ ಕಾಣುತ್ತದೆ. ಸಾಗಣೆ, ಸುಂಕ ಸೇರಿಸಿ ನೋಡಿ. ವಿದೇಶದಿಂದ ತರಿಸಿ ಇಲ್ಲಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಆಮದು ನೋಂದಣಿಯೂ ಬೇಕು. ಸಣ್ಣ ಅಂಗಡಿಗೆ ಇದು ಜಾಸ್ತಿ ಹೊರೆ.

ನನಗೆ ದೊಡ್ಡ ಚಿಂತೆ ಅಸಲಿತನದ್ದು. ಲಾಟ್‌ನಲ್ಲಿ ನಕಲಿ, ಟೆಸ್ಟರ್ (ಅಂಗಡಿಯಲ್ಲಿ ಹಚ್ಚಿ ನೋಡಲು ಇಡುವುದು), ಸೀಲ್ ಒಡೆದದ್ದು, ಅವಧಿ ಮುಗಿದದ್ದು ಬೆರೆತಿರಬಹುದು. ಬಿಡ್‌ಗೆ ಮೊದಲೇ ಬ್ಯಾಚ್ ನಂಬರ್, ಅವಧಿ ದಿನಾಂಕದ ಫೋಟೊ ಕೇಳಿ. ಕೊಡದವರನ್ನು ಬಿಟ್ಟುಬಿಡಿ. ಹಣ ಇಬೇ ಮೂಲಕವೇ ಕಟ್ಟಿ. ಹೊರಗೆ ಕಟ್ಟಿದರೆ ಇಬೇ ಕೊಡುವ ಹಣ ವಾಪಸಿನ ರಕ್ಷಣೆ ಸಿಗದು. ಡಿಸ್ಟ್ರಿಬ್ಯೂಟರ್ ಹತ್ತಿರ ಜಿಎಸ್‌ಟಿ ಬಿಲ್ ಇರುತ್ತದೆ, ತಕರಾರು ಬಂದರೆ ಬಗೆಹರಿಸುವುದು ಸುಲಭ.

ಅಮೆರಿಕದಲ್ಲಿದ್ದು ನೇಲ್ ಪಾಲಿಶ್‌ನಂಥದ್ದನ್ನು ಬೇಗ ಮಾರುವವರಿಗೆ ಹರಾಜು ಸರಿ. ಊರಲ್ಲಿ ಅಂಗಡಿ ಇಟ್ಟವರಿಗೆ ಡಿಸ್ಟ್ರಿಬ್ಯೂಟರೇ ವಾಸಿ. ಮಸ್ಕಾರದಂಥ ಕಣ್ಣಿನ ಸಾಮಾನನ್ನಂತೂ ಯಾರೂ ಹರಾಜಿನಲ್ಲಿ ಕೊಳ್ಳಬೇಡಿ.