ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕಟ್ಟಡಗಳು: ತಾರಸಿ ನಂಬಿ ಅಳತೆ ಹಿಡಿಯಬೇಡಿ

ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. ಅದನ್ನು ದಿನಾ ಬಳಸುವವರಿಗೆ ರಸ್ತೆಗಳ ಬಗ್ಗೆ ದೂರು ಕಡಿಮೆ. ತಲೆನೋವೆಲ್ಲ ಕಟ್ಟಡಗಳದ್ದು. ನಕ್ಷೆಗೆ ಬೇಕಾದದ್ದು ಗೋಡೆ ನೆಲಕ್ಕೆ ತಾಗುವ ಗೆರೆ. ಉಪಗ್ರಹ ಚಿತ್ರದಲ್ಲಿ ಎದ್ದು ಕಾಣುವುದು ತಾರಸಿ, ಹಾಗಾಗಿ ಜನ ಎಳೆಯುವುದೂ ತಾರಸಿಯನ್ನೇ. ನೆಲದಲ್ಲಿ 8×10 ಮೀಟರ್ ಇರುವ ಮನೆಗೆ ಸುತ್ತ ಒಂದೊಂದು ಮೀಟರ್ ಸಜ್ಜಾ, ಬಾಲ್ಕನಿ ಚಾಚಿದ್ದರೆ ಗೆರೆ 10×12 ಆಗುತ್ತದೆ. 80 ಚದರ ಮೀಟರ್ ಮನೆ ನಕ್ಷೆಯಲ್ಲಿ 120! ಎತ್ತರದ ಕಟ್ಟಡಗಳದ್ದು ಇನ್ನೊಂದು ಕಾಟ. 20 ಡಿಗ್ರಿ ಓರೆಯಿಂದ ತೆಗೆದ ಚಿತ್ರದಲ್ಲಿ 12 ಮೀಟರ್ ಎತ್ತರದ ಅಪಾರ್ಟ್‌ಮೆಂಟಿನ ತಾರಸಿ ಬುಡದಿಂದ ನಾಲ್ಕು ಮೀಟರಿಗೂ ಹೆಚ್ಚು ಸರಿದಿರುತ್ತದೆ. ಕಂಡ ಹಾಗೇ ಎಳೆದರೆ ಪಕ್ಕದ ಸೈಟಿನೊಳಗೆ ಹೋಗಿ ಕೂರುತ್ತದೆ.

ಹಳೇ ಪೇಟೆಗಳಲ್ಲಿ ಗೋಡೆ ಹಂಚಿಕೊಂಡ ಐದಾರು ಮನೆಗಳು ಒಂದೇ ಚೌಕವಾಗಿಬಿಡುತ್ತವೆ. ಮಲೆನಾಡಿನಲ್ಲಿ ತೋಟದ ನೆರಳಿಗೆ ಮನೆಯೇ ಕಾಣುವುದಿಲ್ಲ. ಬೆಳ್ಳಗೆ ಹೊಳೆಯುವ ಅಡಿಕೆ ಅಂಗಳ ಕಟ್ಟಡ ಎನಿಸಿಕೊಳ್ಳುತ್ತದೆ.

ತಿದ್ದುವ ಕೆಲಸ ಮಾತ್ರ ನಿಜಕ್ಕೂ ಹಿತ. ಈ ನಕ್ಷೆ ತಿದ್ದುವ ಕಂಪ್ಯೂಟರ್ ತಂತ್ರಾಂಶ ಜೆಒಎಸ್‌ಎಂ ತೆರೆದು ಮೊದಲು ಚಿತ್ರದ ಆಫ್‌ಸೆಟ್, ಅಂದರೆ ಚಿತ್ರ ನಿಜವಾದ ಜಾಗದಿಂದ ಎಷ್ಟು ಸರಿದಿದೆ ಎಂದು ನೋಡಿಕೊಳ್ಳಬೇಕು. ಒಂದೇ ರಸ್ತೆಯಲ್ಲಿ ಓಡಾಡಿದವರು ದಾಖಲಿಸಿದ ಹತ್ತಾರು ಜಿಪಿಎಸ್ ಜಾಡುಗಳ ನಡುವಿಗೆ ರಸ್ತೆ ಬರುವಂತೆ ಚಿತ್ರ ಸರಿಸಿ. ಒಂದೇ ಜಾಡು ನಂಬಿದರೆ ಕೆಟ್ಟಿತು, ಮೊಬೈಲ್ ಜಿಪಿಎಸ್ ತಾನೇ ಕೆಲವು ಮೀಟರ್ ಅತ್ತಿತ್ತ ಅಲೆಯುತ್ತದೆ. ಜೆಒಎಸ್‌ಎಂಗೆ ಬಿಲ್ಡಿಂಗ್ ಟೂಲ್ಸ್ ಎಂಬ ಪ್ಲಗಿನ್ (ಹೆಚ್ಚುವರಿ ಸಲಕರಣೆ) ಹಾಕಿಕೊಂಡಿದ್ದರೆ ‘ಬಿ’ ಒತ್ತಿ: ಒಂದು ಮೂಲೆ, ಪಕ್ಕದ ಮೂಲೆ, ಆಮೇಲೆ ಅಗಲ. ಮೂರು ಕ್ಲಿಕ್ಕಿಗೆ ಮೂಲೆಮಟ್ಟದ ಮನೆ. ತಾರಸಿಗೆ ಗೆರೆ ಹಾಕಿದ ಮೇಲೆ ಇಡೀ ಆಕೃತಿಯನ್ನು ಹಿಡಿದು ಬುಡಕ್ಕೆ ತನ್ನಿ, ಸಜ್ಜಾದಷ್ಟು ಒಳಗೆ ತೆಗೆದುಕೊಳ್ಳಿ. ಟಚ್‌ಪ್ಯಾಡ್ ಬೇಡ, ಸಾಧಾರಣ ಮೌಸ್ ಒಂದಿದ್ದರೆ ಸಾಕು. ಇಡೀ ಕೆಲಸಕ್ಕೆ ಬೇರೆ ಖರ್ಚಿಲ್ಲ.

ದಯವಿಟ್ಟು ಹಳೇ ಮನೆಯನ್ನು ಅಳಿಸಿ ಹೊಸದು ಬರೆಯಬೇಡಿ. ಯುಟಿಲ್ಸ್‌ಪ್ಲಗಿನ್2 ಎಂಬ ಇನ್ನೊಂದು ಪ್ಲಗಿನ್‌ನಲ್ಲಿ ರಿಪ್ಲೇಸ್ ಜಿಯೊಮೆಟ್ರಿ ಇದೆ: ಹಳೆಯದು, ಹೊಸದು ಎರಡನ್ನೂ ಆರಿಸಿ ಕಂಟ್ರೋಲ್, ಶಿಫ್ಟ್, ‘ಜಿ’ ಒತ್ತಿದರೆ ಆಕಾರ ಮಾತ್ರ ಬದಲಾಗುತ್ತದೆ. ಯಾರೋ ಬಿಸಿಲಲ್ಲಿ ಬೀದಿ ಬೀದಿ ನಡೆದು ಸೇರಿಸಿದ ಮನೆ ನಂಬರು ಹಾಗೇ ಉಳಿಯುತ್ತದೆ. ಅಪ್‌ಲೋಡಿಗೆ ಮುಂಚೆ ಶಿಫ್ಟ್ ‘ವಿ’ ಒತ್ತಿ ತಪ್ಪು ಹುಡುಕಿಸಿ. ಒಂದರ ಮೇಲೊಂದು ಹತ್ತಿದ ಕಟ್ಟಡಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಈ ದತ್ತಾಂಶದ ಮೇಲಿನ ಸಿಟ್ಟು ಇಳಿಸುವುದು ಸ್ಟ್ರೀಟ್‌ಕಂಪ್ಲೀಟ್ ಎಂಬ ಮೊಬೈಲ್ ಆ್ಯಪ್. ಹಾಲು ತರಲು ಹೊರಟಾಗ ಎದುರಿನ ಕಟ್ಟಡ ನೋಡಿ ಮನೆಯೋ ಅಂಗಡಿಯೋ, ಎಷ್ಟು ಮಹಡಿ ಎಂದು ಒತ್ತಿದರಾಯಿತು. ಮೇಲಿನಿಂದ ಯಾವ ಚಿತ್ರಕ್ಕೂ ತಿಳಿಯದ ಸಂಗತಿ ಹೀಗೆ ಸೇರುತ್ತದೆ, ಬರೀ ‘ಬಿಲ್ಡಿಂಗ್=ಯೆಸ್’ (ಕಟ್ಟಡ ಇದೆ, ಅಷ್ಟೇ) ಎಂದಿದ್ದ ಬೀದಿಗೆ ಜೀವ ಬರುತ್ತದೆ. ಅದಕ್ಕೇ ಇದನ್ನು ಬಿಡಲು ಮನಸ್ಸಾಗುವುದಿಲ್ಲ.

ಬಡಾವಣೆ ಎಷ್ಟು ದಟ್ಟವಾಗಿದೆ, ಮನೆಗಳು ಯಾವ ಕಡೆ ಹಬ್ಬಿವೆ ಎಂದು ನೋಡಲು ಈ ದತ್ತಾಂಶ ಧಾರಾಳ. ಚದರಡಿ ಲೆಕ್ಕಕ್ಕೆ ಟೇಪು ಹಿಡಿದೇ ಅಳೆಯಿರಿ. ಮಹಡಿ ತುಂಬುವಾಗ ನೆಲಮಹಡಿಯನ್ನೂ ಎಣಿಸಬೇಕು. ನಮ್ಮಲ್ಲಿ ಜಿ+3 (ನೆಲಮಹಡಿ, ಮೇಲೆ ಮೂರು) ಅನ್ನುವುದು ನಕ್ಷೆಯಲ್ಲಿ 4.